ಅಪ್ಪನ ಜೀನ್ ರಿಪೋರ್ಟಿನಲ್ಲಿ ‘ಟ್ರಿಬ್3, ಸ್ಟ್ರೆಸ್ ಜೀನ್, ಹೈ ರಿಸ್ಕ್’ ಅಂತ ಬಂದಿದೆ. ಇದನ್ನ ಎಷ್ಟು ನಂಬಬೇಕು?

ಸುಮಾ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಪ್ಪನಿಗೆ 63 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷ ಆಯಿತು. ಮಾತ್ರೆ ಜೊತೆಗೆ ರಾತ್ರಿ ಒಂದು ಸಲ ಇನ್ಸುಲಿನ್. ಬೆಳಿಗ್ಗೆ ಐದೂವರೆಗೆ ಎದ್ದು ನಾಲ್ಕು ಕಿಲೋಮೀಟರ್ ನಡೆದು, ಬರುವಾಗ ಸೊಪ್ಪು ಹಿಡಿದುಕೊಂಡು ಬರುವುದು ಅವರ ರೂಢಿ. ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಏಳರ ಆಸುಪಾಸಿನಲ್ಲೇ ಇತ್ತು.

ಎರಡು ತಿಂಗಳ ಹಿಂದೆ ಒಂದು ಕಂಪನಿಯವರು ಮನೆಗೇ ಬಂದು ಎಂಜಲು ತಗೊಂಡು ಹೋದರು. ಜೀನ್ ಪರೀಕ್ಷೆಯಂತೆ. ಹನ್ನೆರಡು ಸಾವಿರ ರೂಪಾಯಿ. ಹೆಸರು ಇಲ್ಲಿ ಬೇಡ. ನಲವತ್ತು ಪುಟದ ರಿಪೋರ್ಟ್ ಬಂತು, ಅದರಲ್ಲಿ ಒಂದು ಪುಟ ಪೂರ್ತಿ ಕೆಂಪು. ‘ಟ್ರಿಬ್3 ಜೀನ್. ಕ್ಯೂ84ಆರ್ ಬದಲಾವಣೆ. ಒತ್ತಡಕ್ಕೆ ಪ್ರತಿಕ್ರಿಯಿಸುವ ಸ್ಯೂಡೋಕೈನೇಸ್. ಇನ್ಸುಲಿನ್ ಕೆಲಸವನ್ನು ತಡೆಯುತ್ತದೆ’ ಅಂತ. ಅದರ ಕೆಳಗೇ ಕ್ಯಾಪ್ಸೂಲ್ ಚಿತ್ರ, ‘ಟ್ರಿಬ್3 ಇಳಿಸುತ್ತದೆ’ ಅಂತ.

ಆವತ್ತಿನಿಂದ ಅಪ್ಪ ವಾಕಿಂಗ್ ಬಿಟ್ಟಿದ್ದಾರೆ. ‘ಹುಟ್ಟುವಾಗಲೇ ಇನ್ಸುಲಿನ್ ತಡೆಯೋದು ನನ್ನೊಳಗೆ ಇದೆಯಂತೆ, ನಡೆದು ಏನು ಬಂತು?’ ಅಂತಾರೆ. ಮೊನ್ನೆ ಇನ್ಸುಲಿನ್ ಪೆನ್ ಕೈಗೆ ತಗೊಂಡು ನೋಡಿದೆ. ಆ ಹೊತ್ತಿಗೆ ಕಾಲು ಭಾಗ ಉಳಿದಿರಬೇಕಿತ್ತು. ಅರ್ಧಕ್ಕಿಂತ ಜಾಸ್ತಿ ಇದೆ. ಕೇಳಿದರೆ ಮಾತು ತೇಲಿಸುತ್ತಾರೆ.

ಈ ಟ್ರಿಬ್3 ಅಂದರೆ ಏನು? ನಿಜವಾಗಲೂ ಇನ್ಸುಲಿನ್ ತಡೆಯುತ್ತಾ? ಅಪ್ಪನಿಗೆ ನಾನು ಏನಂತ ಹೇಳಲಿ?

ಡಾಕ್ಟರ್_ಗದಗ
ಸುಮಾ ಅವರೇ, ಪ್ರೊಟೀನ್ ಕಥೆ ಆಮೇಲೆ. ಮೊದಲು ಇನ್ಸುಲಿನ್. ಡೋಸ್ ಬಿಡುವುದು ಇವತ್ತೇ ನಿಲ್ಲಬೇಕು. ಎಷ್ಟು ದಿನ ಬಿಟ್ಟಿದ್ದಾರೆ ಅಂತ ಅವರನ್ನು ನೋಡುವ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಬಿಟ್ಟಿದ್ದನ್ನು ಸರಿದೂಗಿಸಲು ಒಂದೇ ಸಲ ಜಾಸ್ತಿ ಹಾಕಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಿ ಬರೆದಿಡಿ. ವಾಂತಿ, ತುಂಬಾ ದಾಹ, ಏದುಸಿರು, ಮಂಪರು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನು ವಾಕಿಂಗ್. ಅಪ್ಪನಿಗೆ ಇದೊಂದು ವಿಷಯ ಬಿಡಿಸಿ ಹೇಳಿ. ಸ್ನಾಯುವಿನೊಳಗೆ ಸಕ್ಕರೆ ಹೋಗುವ ಬಾಗಿಲಿಗೆ ಗ್ಲೂಟ್4 ಅಂತ ಹೆಸರು. ಇನ್ಸುಲಿನ್ ಬಂದು ಬೆಲ್ ಒತ್ತಿದರೆ ಆ ಬಾಗಿಲು ತೆರೆಯುತ್ತದೆ. ಆದರೆ ಕಾಲು ಆಡಿಸಿ ನಡೆಯುವಾಗ ಸ್ನಾಯು ತಾನೇ ಒಳಗಿನಿಂದ ಬಾಗಿಲು ತೆರೆಯುತ್ತದೆ. ಇನ್ಸುಲಿನ್ ಬೆಲ್ಲಿಗೆ ಅದು ಕಾಯುವುದಿಲ್ಲ. ಅಂದರೆ ಇನ್ಸುಲಿನ್ ಸರಿಯಾಗಿ ನಾಟದವರಿಗೇ ವಾಕಿಂಗ್ ಜಾಸ್ತಿ ಬೇಕು. ರಿಪೋರ್ಟ್ ಓದಿ ಅಪ್ಪ ತಗೊಂಡ ತೀರ್ಮಾನ ಪೂರ್ತಿ ತಲೆಕೆಳಗಾಗಿದೆ.

ಬಯೋಕೆಮ್_ಮೇಷ್ಟ್ರು
ಡಾಕ್ಟ್ರು ಹೇಳಿದ್ದಕ್ಕೆ ನನ್ನದೊಂದು ಕೈ. ಈಗ ಪ್ರೊಟೀನ್ ವಿಷಯ, ಪಾಠ ಮಾಡುವವನು ನಾನು, ಸ್ವಲ್ಪ ಜಾಗ ಕೊಡಿ.

ಕೈನೇಸ್ ಅಂದರೆ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಕಣದಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೊಟೀನಿಗೆ ಅಂಟಿಸುವ ಕಿಣ್ವ. ಹಾಗೆ ಅಂಟಿಸಿದರೆ ಆ ಪ್ರೊಟೀನಿನ ಸ್ವಿಚ್ ಹಾಕಿದ ಹಾಗೆ ಅಥವಾ ಆರಿಸಿದ ಹಾಗೆ. 2002ರಲ್ಲಿ ಮನುಷ್ಯನ ಕೈನೇಸ್‌ಗಳ ಪೂರ್ತಿ ಪಟ್ಟಿ ಮಾಡಿದಾಗ ಲೆಕ್ಕ 518ಕ್ಕೆ ಬಂತು. ಅದರಲ್ಲಿ ಸುಮಾರು 50 ವಿಚಿತ್ರವಾಗಿದ್ದವು. ಮೈಕಟ್ಟು ಕೈನೇಸಿನದೇ, ಆದರೆ ಫಾಸ್ಫೇಟ್ ಅಂಟಿಸಲು ಬೇಕೇಬೇಕಾದ ಒಂದೋ ಎರಡೋ ಅಮೈನೋ ಆಮ್ಲ ಕಾಣೆ. ಇವಕ್ಕೇ ಸ್ಯೂಡೋಕೈನೇಸ್ ಅನ್ನುವುದು. ಟ್ರಿಬ್1, ಟ್ರಿಬ್2, ಟ್ರಿಬ್3 ಮೂವರೂ ಆ ಗುಂಪಿನವರು. ಮನುಷ್ಯನ ಟ್ರಿಬ್3 ಜೀನ್ 20ನೇ ಕ್ರೋಮೋಸೋಮಿನಲ್ಲಿದೆ, ಪ್ರೊಟೀನ್ 358 ಅಮೈನೋ ಆಮ್ಲ ಉದ್ದ.

ಹಾಗಾದರೆ ಇವು ಮಾಡುವುದೇನು? ಮದುವೆ ದಲ್ಲಾಳಿಯ ಕೆಲಸ. ತಾನು ಹಸೆಮಣೆ ಏರುವುದಿಲ್ಲ, ಎರಡು ಕಡೆಯವರನ್ನು ಎದುರುಬದುರು ಕೂರಿಸುತ್ತದೆ. ಟ್ರಿಬ್ ಪ್ರೊಟೀನಿನ ನಡು ಭಾಗ ಒಂದು ಪ್ರೊಟೀನನ್ನು ಹಿಡಿದುಕೊಳ್ಳುತ್ತದೆ. ಬಾಲದ ಭಾಗ ಕಾಪ್1 ಅನ್ನುವ ಇನ್ನೊಂದನ್ನು ಕರೆತರುತ್ತದೆ. ಕಾಪ್1 ಬಂದು ಆ ಮೊದಲನೆಯದಕ್ಕೆ ‘ಇದನ್ನು ಒಡೆದುಹಾಕಿ’ ಅಂತ ಯುಬಿಕ್ವಿಟಿನ್ ಚೀಟಿ ಅಂಟಿಸುತ್ತದೆ. ಹೀಗೆ ಟ್ರಿಬ್ ತಾನೇನೂ ಕತ್ತರಿಸದೆ, ಅಂಟಿಸದೆ, ಜೀವಕೋಶದಲ್ಲಿ ಯಾವುದು ಉಳಿಯಬೇಕು ಯಾವುದು ಹೋಗಬೇಕು ಅನ್ನುವುದರಲ್ಲಿ ಕೈ ಆಡಿಸುತ್ತದೆ.

ರವಿ_ಯಲಹಂಕ
ಹೆಸರಲ್ಲೇ ಸ್ಟ್ರೆಸ್ ಅಂತ ಇದೆಯಲ್ಲ. ಟೆನ್ಷನ್ ಕಮ್ಮಿ ಮಾಡಿದರೆ ಟ್ರಿಬ್3 ತಾನೇ ಇಳಿಯುತ್ತೆ ಅಲ್ವಾ? ನನ್ನ ಭಾವನಿಗೆ ಆಫೀಸ್ ಟೆನ್ಷನ್‌ನಿಂದಲೇ ಶುಗರ್ ಬಂದಿದ್ದು. ಅಪ್ಪನಿಗೆ ಪ್ರಾಣಾಯಾಮ ಮಾಡಿಸಿ, ಸಾಕು.

ಶಾಲಿನಿ_ಲ್ಯಾಬ್
ರವಿ ಅವರೇ, ಪ್ರಾಣಾಯಾಮಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಸ್ಟ್ರೆಸ್ ಅಂದರೆ ಮನಸ್ಸಿನ ಟೆನ್ಷನ್ ಅಲ್ಲ, ಜೀವಕೋಶದ ಒಳಗಿನ ಒತ್ತಡ. ಎರಡಕ್ಕೂ ಒಂದೇ ಪದ ಬಳಸಿ ಎಷ್ಟು ಜನ ಎಡವುತ್ತಾರೆ ಅಂದರೆ ಹೇಳತೀರದು.

ನಮ್ಮ ಮನೆಯ ಯುಗಾದಿ ಹೋಳಿಗೆ ನೆನೆಸಿಕೊಳ್ಳಿ. ಅಜ್ಜಿ ಕಣಕ ತಟ್ಟಿ, ಹೂರಣ ಇಟ್ಟು, ಅಂಚು ಮಡಚಿ, ಎಣ್ಣೆ ಕೈಯಲ್ಲಿ ಲಟ್ಟಿಸುತ್ತಾರೆ. ಹದ ತಪ್ಪಿದರೆ ಕಣಕ ಹರಿದು ಹೂರಣ ಹೆಂಚಿಗೆ ಹತ್ತಿ ಸೀಯುತ್ತದೆ. ಜೀವಕೋಶದಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅಂತ ಒಂದು ಜಾಗ ಇದೆ, ಅಲ್ಲಿ ಪ್ರೊಟೀನ್‌ಗಳನ್ನು ಹೀಗೇ ಮಡಚುತ್ತಾರೆ. ಪ್ಯಾಂಕ್ರಿಯಾಸಿನ ಬೀಟಾ ಕೋಶ ಊಟ ಆದ ಮೇಲೆ ನಿಮಿಷಕ್ಕೆ ಹತ್ತು ಲಕ್ಷದಷ್ಟು ಇನ್ಸುಲಿನ್ ಕಣ ಕಟ್ಟಬಲ್ಲದು ಅಂತ ಅಂದಾಜು. ಬೇಡಿಕೆ ಮಿತಿ ಮೀರಿದಾಗ ಹರಿದ ಹೋಳಿಗೆಗಳ ರಾಶಿ ಬೀಳುತ್ತದೆ. ಅದೇ ಸ್ಟ್ರೆಸ್.

ಆಗ ಏನಾಗುತ್ತದೆ? ಪರ್ಕ್ ಅನ್ನುವ ಕಾವಲುಗಾರ ‘ಹೊಸ ಹೋಳಿಗೆ ತಟ್ಟಬೇಡಿ’ ಅಂತ ಕೂಗುತ್ತಾನೆ. ಎಟಿಎಫ್4 ಅನ್ನುವ ಪ್ರೊಟೀನ್ ಎದ್ದು ರಿಪೇರಿ ಸಾಮಾನು ತರಿಸುತ್ತದೆ. ಒತ್ತಡ ಮುಂದುವರಿದರೆ ಚಾಪ್ ಅನ್ನುವ ಇನ್ನೊಂದು ಪ್ರೊಟೀನ್ ಬರುತ್ತದೆ. ಇವೆರಡೂ ಸೇರಿ ಟ್ರಿಬ್3 ಜೀನನ್ನು ಎಬ್ಬಿಸುತ್ತವೆ. ಇದು 2005ರಲ್ಲೇ ಗೊತ್ತಾಗಿದೆ. ಅಮೈನೋ ಆಮ್ಲ ಸಾಲದಿದ್ದರೂ, ಗ್ಲೂಕೋಸ್ ಸಿಗದಿದ್ದರೂ, ಆಮ್ಲಜನಕ ಕಮ್ಮಿಯಾದರೂ ಟ್ರಿಬ್3 ಏರುತ್ತದೆ.

ನನಗೆ ತುಂಬಾ ಇಷ್ಟದ ವಿಷಯ ಇನ್ನು ಮುಂದಿನದು. ಎದ್ದ ಟ್ರಿಬ್3 ಮೊದಲು ಮಾಡುವುದು ತನ್ನನ್ನು ಎಬ್ಬಿಸಿದವರನ್ನೇ ಸುಮ್ಮನಿರಿಸುವುದು. ಎಟಿಎಫ್4 ಮತ್ತು ಚಾಪ್ ಕೈ ಹಿಡಿದು ‘ಸಾಕು, ಗಾಬರಿ ಬೇಡ’ ಅನ್ನುತ್ತದೆ. ಒತ್ತಡ ಕಮ್ಮಿಯಾದರೆ ಕೋಶ ಉಳಿಯಿತು. ಕಮ್ಮಿಯಾಗದೆ ದಿನಗಟ್ಟಲೆ ಎಳೆದರೆ ಅದೇ ಟ್ರಿಬ್3 ಕೋಶದ ಸಾವಿನ ಕಡೆ ತಿರುಗುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅಂತ ಒಂದೇ ಮಾತಲ್ಲಿ ಹೇಳಿ ಅಂದರೆ ನನ್ನಿಂದ ಆಗುವುದಿಲ್ಲ. ಯಾವ ಕೋಶ, ಎಷ್ಟು ಹೊತ್ತು ಅಂತ ಕೇಳಲೇಬೇಕು.

ರವಿ_ಯಲಹಂಕ
ಹೋಳಿಗೆ ಉದಾಹರಣೆ ಮನಸ್ಸಿಗೆ ನಾಟಿತು. ಆದರೂ ಟೆನ್ಷನ್ ಆದರೆ ಶುಗರ್ ಏರುತ್ತೆ, ಭಾವನ ಮೀಟರಲ್ಲೇ ಕಣ್ಣಾರೆ ನೋಡಿದೀನಿ.

ಡಾಕ್ಟರ್_ಗದಗ
ಏರುತ್ತದೆ, ಖಂಡಿತ. ಕಾರ್ಟಿಸಾಲ್, ಅಡ್ರಿನಾಲಿನ್ ಏರಿದಾಗ ಲಿವರ್ ಸಕ್ಕರೆ ಹೊರಬಿಡುತ್ತದೆ. ಅದು ಬೇರೆ ದಾರಿ. ಶಾಲಿನಿ ಹೇಳಿದ್ದು ಇದಲ್ಲ.

ಪದಜೀವಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಸ್ಯೂಡೋಕೈನೇಸಿಗೆ ಕನ್ನಡದಲ್ಲಿ ಏನನ್ನೋಣ? ‘ಮಿಥ್ಯಾ ಕೈನೇಸ್’ ಅಂತ ಒಂದು ಕಡೆ ಓದಿದೆ. ನನಗೆ ಸರಿ ಕಾಣಲಿಲ್ಲ. ‘ಹುಸಿ ಕೈನೇಸ್’ ಚಿಕ್ಕದಾಗಿದೆ, ಬಾಯಿಗೂ ಸಲೀಸು.

ಬಯೋಕೆಮ್_ಮೇಷ್ಟ್ರು
ಹುಸಿ ಅಂದರೆ ಸುಳ್ಳು ಅಂತಾಗುತ್ತದೆ. ಕೆಲಸಕ್ಕೆ ಬಾರದ್ದು ಅನ್ನುವ ಅರ್ಥ ತಲೆಯಲ್ಲಿ ಕೂತುಬಿಡುತ್ತದೆ. ಬಹಳ ವರ್ಷ ವಿಜ್ಞಾನಿಗಳೂ ಹಾಗೇ ಅಂದುಕೊಂಡು ಇವುಗಳನ್ನು ಪಕ್ಕಕ್ಕಿಟ್ಟಿದ್ದರು. ನಾನು ತರಗತಿಯಲ್ಲಿ ‘ಕೈನೇಸ್ ರೂಪದ ಪ್ರೊಟೀನ್’ ಅನ್ನುತ್ತೇನೆ. ಉದ್ದ ಆಗುತ್ತದೆ, ಆಗಲಿ.

ಪದಜೀವಿ
ಮೇಷ್ಟ್ರೇ, ‘ಹುಸಿನಗು’ ಇದೆ, ‘ಹುಸಿಮುನಿಸು’ ಇದೆ. ಅಲ್ಲಿ ಹುಸಿ ಅಂದರೆ ಕೆಲಸಕ್ಕೆ ಬಾರದ್ದು ಅಂತಲಾ? ಹುಸಿಮುನಿಸಿನಿಂದ ಎಷ್ಟು ಕೆಲಸ ಆಗುತ್ತದೆ ಅಂತ ಸಂಸಾರಸ್ಥರನ್ನು ಕೇಳಿ. ನಾನು ‘ಹುಸಿ’ ಬಿಡುವುದಿಲ್ಲ.

ಬಯೋಕೆಮ್_ಮೇಷ್ಟ್ರು
ಹುಸಿಮುನಿಸಿನ ವಾದ ಒಪ್ಪಿದೆ. ನಾಳೆಯಿಂದ ಹುಸಿ ಕೈನೇಸ್.

ಕುಮಾರ್_ಶಿರಸಿ
ಹುಸಿ ಕೈನೇಸ್ ಎಷ್ಟು ನಿಜ ಅನ್ನುವುದಕ್ಕೆ ನಮ್ಮ ಮನೆಯದೇ ಒಂದು ವಿಷಯ ಹೇಳುತ್ತೇನೆ. ನಮ್ಮ ದೊಡ್ಡಪ್ಪನಿಗೆ ಸ್ನಾನ ಆದ ಮೇಲೆ ಮೈಯೆಲ್ಲ ತುರಿಕೆ. ಮುಖ ಕೆಂಪಗೆ. ಹಿಮೋಗ್ಲೋಬಿನ್ 19 ದಾಟಿತ್ತು. ಊರಲ್ಲಿ ಎಲ್ಲರೂ ‘ರಕ್ತ ಚೆನ್ನಾಗಿದೆ’ ಅಂತ ಸಂತೋಷಪಟ್ಟರು. ಆಮೇಲೆ ಗೊತ್ತಾಯಿತು, ಪಾಲಿಸೈಥೀಮಿಯ ವೆರಾ. ಕೆಂಪು ಕಣ ಅತಿಯಾಗಿ ಹುಟ್ಟುವ ಕಾಯಿಲೆ. ರಿಪೋರ್ಟಿನಲ್ಲಿ ‘ಜಾಕ್2 ವಿ617ಎಫ್ ಪಾಸಿಟಿವ್’ ಅಂತ ಇತ್ತು. ಡಾಕ್ಟರು ಹೇಳಿದ್ದು, ಜಾಕ್2 ಅನ್ನುವ ಪ್ರೊಟೀನಿನಲ್ಲಿ ನಿಜ ಕೈನೇಸ್ ಭಾಗ ಒಂದು, ಅದರ ಪಕ್ಕದಲ್ಲೇ ಹುಸಿ ಕೈನೇಸ್ ಭಾಗ ಒಂದು ಇದೆಯಂತೆ. ದೋಷ ಇದ್ದದ್ದು ಹುಸಿ ಭಾಗದಲ್ಲಿ. ಈಗ ಆಗಾಗ ರಕ್ತ ತೆಗೆಸಿಕೊಳ್ಳುತ್ತಾರೆ, ಮಾತ್ರೆ ಇದೆ, ತೋಟಕ್ಕೂ ಹೋಗುತ್ತಾರೆ.

ಶಾಲಿನಿ_ಲ್ಯಾಬ್
ಕುಮಾರ್, ಎಷ್ಟು ಒಳ್ಳೆಯ ಉದಾಹರಣೆ ಕೊಟ್ಟಿರಿ. ಆ ಹುಸಿ ಭಾಗ ನಿಜ ಕೈನೇಸಿನ ಬ್ರೇಕ್. ಬ್ರೇಕ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. 2005ರಲ್ಲಿ ಇದನ್ನು ಕಂಡುಹಿಡಿದರು. ಆ ಕಾಯಿಲೆ ಇರುವ ನೂರರಲ್ಲಿ ಸುಮಾರು 95 ಜನರಲ್ಲಿ ಇದೇ ಬದಲಾವಣೆ.

ಸುಮಾ ಅವರು ಗಮನಿಸಬೇಕಾದ್ದು ಇದು. ಕುಮಾರ್ ದೊಡ್ಡಪ್ಪನ ಜಾಕ್2 ಬದಲಾವಣೆ ಬದುಕಿನ ಮಧ್ಯದಲ್ಲಿ ರಕ್ತದ ಕೋಶದಲ್ಲಿ ಆದದ್ದು, ಕಾಯಿಲೆಗೆ ನೇರ ಕಾರಣ. ನಿಮ್ಮ ಅಪ್ಪನ ಟ್ರಿಬ್3 ಬದಲಾವಣೆ ಹುಟ್ಟಿನಿಂದ ಬಂದದ್ದು, ಆರೋಗ್ಯವಾಗಿರುವ ಬೇಕಾದಷ್ಟು ಜನರಲ್ಲೂ ಇರುವಂಥದ್ದು. ರಿಪೋರ್ಟಿನ ಕೆಂಪು ಬಣ್ಣಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ.

ನೊಣದ_ಮನೆ
ಟ್ರಿಬ್ ಹೆಸರು ಬಂದ ಮೇಲೆ ನಾನು ಸುಮ್ನೆ ಇರಲಾರೆ. ಇದು ಮೊದಲು ಸಿಕ್ಕಿದ್ದು ನಮ್ಮ ಹಣ್ಣಿನ ನೊಣದಲ್ಲಿ. ಡ್ರೊಸೊಫಿಲಾ. 2000ನೇ ಇಸವಿಯಲ್ಲಿ ಬೇರೆ ಬೇರೆ ಗುಂಪುಗಳು ಹೆಚ್ಚುಕಮ್ಮಿ ಒಟ್ಟಿಗೇ ಪ್ರಕಟಿಸಿದವು.

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ ನೊಣದ ತಳಿಗಳನ್ನು ದಶಕಗಳಿಂದ ಸಾಕಿ ಕಾಪಾಡುವ ಸ್ಟಾಕ್ ಸೆಂಟರ್ ಇದೆ. ನೊಣದ ಊಟ ನಾವೇ ಬೇಯಿಸುತ್ತಿದ್ದೆವು. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್. ಬೂಸ್ಟು ಹಿಡಿಯದಿರಲು ಕೊನೆಯಲ್ಲಿ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಆ ಆಮ್ಲ ಹಾಕುವವರೆಗೆ ಕಾರಿಡಾರಿನಲ್ಲಿ ಥೇಟ್ ಹಬ್ಬದ ವಾಸನೆ. ಹಾಕಿದ ಮೇಲೆ ಮೂಗು ಮುಚ್ಚಿಕೊಳ್ಳಬೇಕು.

ಈಗ ವಿಷಯ. ನೊಣದ ಭ್ರೂಣಕ್ಕೆ ಮೂರು ಗಂಟೆ ವಯಸ್ಸಾಗುವ ಹೊತ್ತಿಗೆ ಹೊಟ್ಟೆ ಕಡೆಯ ಕೋಶಗಳ ಒಂದು ಪಟ್ಟಿ ಸೀರೆಯ ನೆರಿಗೆ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಮುಂದೆ ಅದೇ ಸ್ನಾಯು ಆಗುವುದು. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಆ ನೆರಿಗೆ ಬೀಳುವುದನ್ನು ನೋಡಿದಾಗ ಉಸಿರು ಬಿಗಿಹಿಡಿದಿದ್ದೆ. ಮಡಚುವಾಗ ಆ ಕೋಶಗಳು ಒಡೆದು ಎರಡಾಗಬಾರದು. ಒಂದೇ ಹೊತ್ತಿಗೆ ಎರಡೂ ಆಗುವುದಿಲ್ಲ. ಟ್ರಿಬಲ್ಸ್ ಪ್ರೊಟೀನ್ (ನೊಣದ ಟ್ರಿಬ್‌ಗೆ ಇದೇ ಪೂರ್ತಿ ಹೆಸರು) ಅಲ್ಲಿ ‘ಸ್ವಲ್ಪ ತಡಿ’ ಅನ್ನುತ್ತದೆ. ಕೋಶ ವಿಭಜನೆಗೆ ಚಾಲನೆ ಕೊಡುವ ಸ್ಟ್ರಿಂಗ್ ಅನ್ನುವ ಪ್ರೊಟೀನನ್ನು ಒಡೆಸಿಹಾಕುತ್ತದೆ. ಟ್ರಿಬಲ್ಸ್ ಇಲ್ಲದ ಭ್ರೂಣದಲ್ಲಿ ಕೋಶಗಳು ಅವಸರಕ್ಕೆ ಬಿದ್ದು ಒಡೆಯುತ್ತವೆ, ನೆರಿಗೆ ಸರಿಯಾಗಿ ಬೀಳುವುದಿಲ್ಲ.

ಹೆಸರು ಬಂದದ್ದೂ ಹಾಗೇ. ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಧಾರಾವಾಹಿಯ 1967ರ ಒಂದು ಕಂತಿನಲ್ಲಿ ಟ್ರಿಬಲ್ಸ್ ಅಂತ ರೋಮದ ಉಂಡೆಯಂಥ ಪ್ರಾಣಿಗಳು ಬರುತ್ತವೆ, ಟ್ರಿಬಲ್ಸ್ ಇಲ್ಲದ ಭ್ರೂಣದ ಕೋಶಗಳ ಹಾಗೇ ಎಗ್ಗಿಲ್ಲದೆ ಮರಿ ಹಾಕುತ್ತವೆ.

ಸುಮಾ_ದಾವಣಗೆರೆ
ಎಲ್ಲರಿಗೂ ತುಂಬಾ ಧನ್ಯವಾದ. ಡಾಕ್ಟರಿಗೆ ಫೋನ್ ಮಾಡಿದೆ, ನಾಳೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 212 ಇತ್ತು. ಇಷ್ಟು ದಿನ 130 ದಾಟುತ್ತಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ‘ಟ್ರಿಬ್3 ಇನ್ಸುಲಿನ್ ತಡೆಯುತ್ತೆ’ ಅಂತ ರಿಪೋರ್ಟಿನಲ್ಲಿ ಇರುವುದು ಸುಳ್ಳಾ?

ಬಯೋಕೆಮ್_ಮೇಷ್ಟ್ರು
ಸುಳ್ಳಲ್ಲ, ಅರ್ಧ ಕಥೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಮಾರ್ಕ್ ಮಾಂಟ್‌ಮಿನಿ ಅವರ ಗುಂಪು ಒಂದು ದೊಡ್ಡ ವಿಷಯ ಹೇಳಿತು. ಇನ್ಸುಲಿನ್ ಬಂದಾಗ ಕೋಶದೊಳಗೆ ಆ ಸುದ್ದಿ ಮುಟ್ಟಿಸುವ ಎಕೆಟಿ ಅನ್ನುವ ಕೈನೇಸ್ ಇದೆ. ಉಪವಾಸ ಇದ್ದಾಗ ಇಲಿಯ ಲಿವರಿನಲ್ಲಿ ಟ್ರಿಬ್3 ಏರಿ ಎಕೆಟಿಯನ್ನು ಹಿಡಿದುಕೊಳ್ಳುತ್ತದೆ, ಅದು ಚಾಲೂ ಆಗದ ಹಾಗೆ ನೋಡಿಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಇರುವ ಇಲಿಗಳಲ್ಲೂ ಟ್ರಿಬ್3 ಜಾಸ್ತಿ ಇದೆ ಅಂತ. 2005ರಲ್ಲಿ ಇಟಲಿಯ ವಿಜ್ಞಾನಿಗಳು ಈ ಕ್ಯೂ84ಆರ್ ಬದಲಾವಣೆ ತೋರಿಸಿದರು. 84ನೇ ಜಾಗದಲ್ಲಿ ಗ್ಲುಟಮೀನ್ ಬದಲು ಆರ್ಜಿನೀನ್ ಇದ್ದರೆ ಟ್ರಿಬ್3 ಎಕೆಟಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಇನ್ಸುಲಿನ್ ನಾಟುವುದು ಸ್ವಲ್ಪ ಕಮ್ಮಿಯಾಗುತ್ತದೆ ಅಂತ.

ರಿಪೋರ್ಟ್ ಇಲ್ಲಿಗೇ ನಿಲ್ಲಿಸಿದೆ. ಅದೇ 2005ರಲ್ಲಿ ಇನ್ನೊಂದು ಗುಂಪು ಲಿವರ್ ಕೋಶಗಳಲ್ಲಿ ನೋಡಿದರೆ ಟ್ರಿಬ್3 ಹಾಗೆ ತಡೆಯುವುದು ಕಾಣಲಿಲ್ಲ. 2007ರಲ್ಲಿ ಟ್ರಿಬ್3 ಜೀನನ್ನೇ ತೆಗೆದ ಇಲಿ ತಯಾರಿಸಿದರು. ಮೊದಲ ಕಥೆ ಪೂರ್ತಿ ನಿಜವಾಗಿದ್ದರೆ ಆ ಇಲಿಗೆ ಇನ್ಸುಲಿನ್ ಚೆನ್ನಾಗಿ ನಾಟಬೇಕಿತ್ತು. ಹಾಗೇನೂ ಆಗಲಿಲ್ಲ. ಸಕ್ಕರೆ ಮಾಮೂಲು, ಲಿವರ್ ಮಾಮೂಲು.

ನೇರನುಡಿ_ತುಮಕೂರು
ನೋಡಿ, ಇದಕ್ಕೇ ಜನ ವಿಜ್ಞಾನ ನಂಬಲ್ಲ. 2003ರಲ್ಲಿ ಹೌದು, 2007ರಲ್ಲಿ ಇಲ್ಲ. ಒಬ್ಬೊಬ್ಬರು ಒಂದೊಂದು. ಜನ ಯಾರ ಮಾತು ಕೇಳಬೇಕು?

ಬಯೋಕೆಮ್_ಮೇಷ್ಟ್ರು
ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೈಯಿಂದ ಮಾಡಿ ನೋಡಿ, ‘ನನಗೆ ಹಾಗೆ ಬರಲಿಲ್ಲ’ ಅಂತ ಹೆಸರು ಹಾಕಿ ಪ್ರಕಟಿಸುತ್ತಾರಲ್ಲ, ಅದಕ್ಕೇ ನಾನು ನಂಬುವುದು. ಕ್ಯಾಪ್ಸೂಲ್ ಮಾರುವವರು 2007ರದ್ದನ್ನು ಬಿಟ್ಟು 2003ರದ್ದು ಮಾತ್ರ ಹಾಕಿದರು. ನಿಮ್ಮ ಸಿಟ್ಟು ಅವರ ಮೇಲೆ ಇರಲಿ.

ನೇರನುಡಿ_ತುಮಕೂರು
ಅವರ ಮೇಲೂ ಇದೆ. ನಮ್ಮ ಅತ್ತೆ ಇಂಥದ್ದೇ ಪುಡಿ ನಂಬಿ ಮಾತ್ರೆ ಬಿಟ್ಟು ಕಾಲಿನ ಬೆರಳು ಕಳೆದುಕೊಂಡರು. ಅದಕ್ಕೇ ನನಗೆ ಮೈ ಉರಿಯುವುದು.

ಡಾಕ್ಟರ್_ಗದಗ
ನಿಮ್ಮ ಅತ್ತೆಯ ವಿಷಯ ಓದಿ ಬೇಸರ ಆಯಿತು. ಇಂಥವರನ್ನು ನನ್ನ ಓಪಿಡಿಯಲ್ಲಿ ಪ್ರತಿ ತಿಂಗಳು ನೋಡುತ್ತೇನೆ.

ಶಾಲಿನಿ_ಲ್ಯಾಬ್
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಲಿವರಿನಲ್ಲಿ ಟ್ರಿಬ್3 ಕೆಟ್ಟವನು ಅಂತಲೇ ಇಟ್ಟುಕೊಳ್ಳೋಣ. ಕೊಬ್ಬಿನ ಅಂಗಾಂಶಕ್ಕೆ ಬನ್ನಿ. ಅದೇ ಮಾಂಟ್‌ಮಿನಿ ಗುಂಪು 2006ರಲ್ಲಿ ತೋರಿಸಿದ್ದು ಇದು. ಉಪವಾಸದಲ್ಲಿ ಟ್ರಿಬ್3 ಕಾಪ್1ನ್ನು ಕರೆತಂದು, ಕೊಬ್ಬು ಕಟ್ಟಲು ಬೇಕಾದ ಒಂದು ಮುಖ್ಯ ಕಿಣ್ವವನ್ನು ಒಡೆಸಿಹಾಕುತ್ತದೆ. ಮೇಷ್ಟ್ರ ದಲ್ಲಾಳಿ ಕೆಲಸ. ಕೊಬ್ಬಿನ ಕೋಶದಲ್ಲಿ ಟ್ರಿಬ್3 ಜಾಸ್ತಿ ಇರುವ ಇಲಿಗೆ ಎಷ್ಟು ಕೊಬ್ಬು ತಿನ್ನಿಸಿದರೂ ದಪ್ಪ ಆಗಲಿಲ್ಲ.

ಈಗ ಹೇಳಿ, ‘ಟ್ರಿಬ್3 ಇಳಿಸುವ’ ಕ್ಯಾಪ್ಸೂಲ್ ಎಲ್ಲಿ ಇಳಿಸುತ್ತದಂತೆ? ಲಿವರಿನಲ್ಲಾ, ಕೊಬ್ಬಿನಲ್ಲಾ? ಮನುಷ್ಯನಲ್ಲಿ ಟ್ರಿಬ್3 ಇಳಿಸಿ ಸಕ್ಕರೆ ಕಾಯಿಲೆ ಗುಣ ಮಾಡುವ, ಅನುಮತಿ ಸಿಕ್ಕ ಔಷಧಿ ಯಾವುದೂ ಇಲ್ಲ. ದಯವಿಟ್ಟು ಆ ದುಡ್ಡು ಉಳಿಸಿ.

ಹಸಿರೆಲೆ
ಯಾರೂ ಹೇಳದ ವಿಷಯ ಒಂದು ಹೇಳ್ತೀನಿ. ಗಾಂಜಾ ಟ್ರಿಬ್3 ಏರಿಸಿ ಕ್ಯಾನ್ಸರ್ ಕೊಲ್ಲುತ್ತೆ. ಸ್ಪೇನ್‌ನಲ್ಲಿ ಸಾಬೀತಾಗಿದೆ. ಔಷಧಿ ಕಂಪನಿಗಳು ಮುಚ್ಚಿಟ್ಟಿವೆ.

ಶಾಲಿನಿ_ಲ್ಯಾಬ್
ಮುಚ್ಚಿಟ್ಟಿಲ್ಲ, ದೊಡ್ಡ ಪತ್ರಿಕೆಗಳಲ್ಲೇ ಬಂದಿದೆ, ಯಾರು ಬೇಕಾದರೂ ಓದಬಹುದು. ಮ್ಯಾಡ್ರಿಡ್‌ನಲ್ಲಿ ಗಿಯೆರ್ಮೊ ವೆಲಾಸ್ಕೊ, ಮಾನುವೆಲ್ ಗುಸ್ಮಾನ್ ಅವರ ಗುಂಪು 2006 ಮತ್ತು 2009ರಲ್ಲಿ ತೋರಿಸಿದ್ದು ನಿಜ. ಗಾಂಜಾದಲ್ಲಿರುವ ಟಿಎಚ್‌ಸಿ ಅನ್ನುವ ಅಂಶ ಮೆದುಳಿನ ಗಡ್ಡೆಯ ಕೋಶಗಳಲ್ಲಿ ಒತ್ತಡ ಎಬ್ಬಿಸುತ್ತದೆ, ಎಟಿಎಫ್4, ಟ್ರಿಬ್3 ಏರುತ್ತವೆ, ಕೋಶ ತನ್ನನ್ನೇ ತಾನು ತಿನ್ನುತ್ತಾ ಸಾಯುತ್ತದೆ. ಇದು ಗಾಜಿನ ತಟ್ಟೆಯಲ್ಲಿ, ಇಲಿಯಲ್ಲಿ.

ಮನುಷ್ಯರಲ್ಲಿ? ಅದೇ ಗುಸ್ಮಾನ್ 2006ರಲ್ಲಿ ಒಂಬತ್ತು ರೋಗಿಗಳ ಮೇಲೆ ಸಣ್ಣ ಪ್ರಯೋಗ ಮಾಡಿದರು. ಗಡ್ಡೆಯೊಳಗೇ ನೇರವಾಗಿ ಟಿಎಚ್‌ಸಿ ಬಿಟ್ಟರು. ಅಪಾಯ ಆಗಲಿಲ್ಲ. ಗುಣ ಆಯಿತು ಅಂತ ಅವರೂ ಹೇಳಲಿಲ್ಲ. ಸೇದಿದರೆ ಕ್ಯಾನ್ಸರ್ ಹೋಗುತ್ತದೆ ಅನ್ನುವುದಕ್ಕೂ ಇದಕ್ಕೂ ಬಹಳ ದೂರ.

ಇನ್ನೊಂದು ಬದಿಯನ್ನೂ ನೋಡಿ. 2015ರಲ್ಲಿ ಚೀನಾದ ಗುಂಪೊಂದು ಟ್ರಿಬ್3 ಪಿ62 ಅನ್ನುವ ಪ್ರೊಟೀನಿಗೆ ಅಂಟಿಕೊಂಡು, ಕೋಶದ ಕಸ ವಿಲೇವಾರಿ ಕೆಡಿಸಿ, ಗಡ್ಡೆ ಬೆಳೆಯಲು ನೆರವಾಗುತ್ತದೆ ಅಂತ ತೋರಿಸಿತು. 2017ರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ, ಆ ಕಾಯಿಲೆಗೆ ಮೂಲವಾದ ಪ್ರೊಟೀನನ್ನೇ ಟ್ರಿಬ್3 ಕಾಪಾಡುತ್ತದೆ ಅಂತ ಬಂತು. ಒಂದು ಕಡೆ ಗಡ್ಡೆ ಕೊಲ್ಲುವವನು, ಇನ್ನೊಂದು ಕಡೆ ಸಾಕುವವನು. ‘ಏರಿಸಿ’ ಅಂತಲೂ ಹೇಳಲಾಗುವುದಿಲ್ಲ, ‘ಇಳಿಸಿ’ ಅಂತಲೂ ಹೇಳಲಾಗುವುದಿಲ್ಲ.

ಹಸಿರೆಲೆ
ಒಂಬತ್ತೇ ಜನ ಅಂತ ಗೊತ್ತಿರಲಿಲ್ಲ. ನಾನು ನೋಡಿದ ವಿಡಿಯೋದಲ್ಲಿ ಅದನ್ನ ಹೇಳಿರಲಿಲ್ಲ.

ಪದ್ಮಾ_ಕುಂದಾಪುರ
ನನ್ನ ಅಮ್ಮನಿಗೆ ಪಾರ್ಕಿನ್ಸನ್. ಅದಕ್ಕೂ ಟ್ರಿಬ್3ಗೂ ಸಂಬಂಧ ಇದೆ ಅಂತ ಎಲ್ಲೋ ಓದಿದ ನೆನಪು. ಹೌದಾ?

ಶಾಲಿನಿ_ಲ್ಯಾಬ್
ಪದ್ಮಕ್ಕಾ, ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2015ರಲ್ಲಿ, ತೀರಿಹೋದ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ನೋಡಿದರು. ಡೋಪಮಿನ್ ಮಾಡುವ ನರಕೋಶಗಳಲ್ಲಿ ಟ್ರಿಬ್3 ಜಾಸ್ತಿ ಇತ್ತು. ಲ್ಯಾಬಿನಲ್ಲಿ ಬೆಳೆಸಿದ ನರಕೋಶಗಳಲ್ಲಿ ಟ್ರಿಬ್3 ಇಳಿಸಿದರೆ ಅವು ಸಾಯುವುದು ಕಮ್ಮಿಯಾಯಿತು. ಅಮ್ಮನಿಗೆ ಇವತ್ತು ಇದರಿಂದ ಸಿಗುವ ಮಾತ್ರೆ ಇಲ್ಲ. ಆದರೆ ಹುಡುಕುವವರಿಗೆ ಒಂದು ದಾರಿ ಸಿಕ್ಕಿದೆ. ಅಮ್ಮ ಹೇಗಿದ್ದಾರೆ?

ಪದ್ಮಾ_ಕುಂದಾಪುರ
ಕೈ ನಡುಕ ಜಾಸ್ತಿಯಾಗಿದೆ ಮಾರಾಯ್ತಿ. ಮಲ್ಲಿಗೆ ಕಟ್ಟಲು ಆಗುವುದಿಲ್ಲ ಅಂತ ಬೇಜಾರು ಅವರಿಗೆ. ಕೇಳಿದ್ದಕ್ಕೆ ಖುಷಿಯಾಯಿತು.

ಡಾಕ್ಟರ್_ಗದಗ
ಜೀನ್ ಪರೀಕ್ಷೆ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಟೈಪ್ 2 ಸಕ್ಕರೆ ಕಾಯಿಲೆಗೆ ಮಾಮೂಲಿಯಾಗಿ ಜೀನ್ ಪರೀಕ್ಷೆ ಬೇಕಿಲ್ಲ. ಇದರಲ್ಲಿ ಕೈ ಇರುವ ಜೀನ್‌ಗಳು ನೂರಾರು. ಎಲ್ಲಕ್ಕಿಂತ ಬಲವಾದದ್ದು ಅಂತ 2006ರಲ್ಲಿ ಸಿಕ್ಕ ಟಿಸಿಎಫ್7ಎಲ್2 ಕೂಡ ಒಬ್ಬ ವ್ಯಕ್ತಿಯ ಚಿಕಿತ್ಸೆ ಬದಲಿಸುವಷ್ಟು ಹೇಳುವುದಿಲ್ಲ. ಪರೀಕ್ಷೆ ನಿಜವಾಗಿ ಬೇಕಾಗುವುದು ಆರು ತಿಂಗಳ ಒಳಗಿನ ಮಗುವಿಗೆ ಸಕ್ಕರೆ ಕಾಯಿಲೆ ಬಂದಾಗ, ಅಥವಾ ಸಣ್ಣ ವಯಸ್ಸಿನಲ್ಲಿ ಒಂದೇ ಮನೆಯ ಮೂರು ತಲೆಮಾರಿಗೆ ಬಂದಾಗ. ಅಲ್ಲಿ ಒಂದೇ ಜೀನ್ ಕಾರಣ ಇರಬಹುದು, ಕೆಲವರಿಗೆ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬದಲಿಸಲೂ ಆಗುತ್ತದೆ. ಅದೂ ಡಾಕ್ಟರ್ ಬರೆದುಕೊಟ್ಟ ಪರೀಕ್ಷೆ, ಜೊತೆಗೆ ಕೂತು ವಿವರಿಸುವವರು ಇರಬೇಕು. ಕ್ಯಾಪ್ಸೂಲ್ ಮಾರುವವರೇ ರಿಪೋರ್ಟ್ ಬರೆದರೆ ಆ ರಿಪೋರ್ಟ್ ಕೊನೆಗೆ ಕ್ಯಾಪ್ಸೂಲಿಗೇ ಹೋಗಿ ಮುಟ್ಟುತ್ತದೆ.

ಸುಮಾ_ದಾವಣಗೆರೆ (ಆರು ದಿನದ ನಂತರ)
ಬರೆಯಲು ತಡವಾಯಿತು. ಅಪ್ಪ ಡಾಕ್ಟರ್ ಹತ್ತಿರ ಬಂದರು. ಇನ್ಸುಲಿನ್ ಮತ್ತೆ ಸರಿಯಾಗಿ ಶುರುವಾಗಿದೆ. ಪೆನ್ ಪಕ್ಕ ಒಂದು ಕ್ಯಾಲೆಂಡರ್ ನೇತುಹಾಕಿದ್ದೇವೆ, ತಗೊಂಡ ಮೇಲೆ ಅವರೇ ಗೀಟು ಎಳೆಯುತ್ತಾರೆ. ಇವತ್ತು ಬೆಳಿಗ್ಗೆ 158.

ನಿಮ್ಮೆಲ್ಲರ ಉತ್ತರ ರಾತ್ರಿ ಕೂತು ಓದಿ ಹೇಳಿದೆ. ಡಾಕ್ಟರ ಬಾಗಿಲು-ಬೆಲ್ ಮಾತು ಬಂದಾಗ ಅಪ್ಪ ‘ಇನ್ನೊಂದ್ಸಲ ಓದು’ ಅಂದರು. ಮಾರನೆ ದಿನ ಐದೂವರೆಗೆ ಚಪ್ಪಲಿ ಸದ್ದು ಕೇಳಿ ಎಚ್ಚರವಾಯಿತು. ಬರುವಾಗ ಮೆಂತ್ಯ ಸೊಪ್ಪು ತಂದಿದ್ದರು. ನನಗೆ ಅಳು ಬಂತು.

ಕಂಪನಿಗೆ ದುಡ್ಡು ವಾಪಸ್ ಕೇಳಿ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ. ಕ್ಯಾಪ್ಸೂಲ್ ನಿಲ್ಲಿಸಿದ್ದೇವೆ.

ಅಪ್ಪನದೊಂದು ಪ್ರಶ್ನೆ ಇದೆ, ಕೇಳಲೇಬೇಕಂತೆ. ‘ಆ ನೊಣಕ್ಕೆ ದಿನಾ ಬೆಲ್ಲದ ಪಾಯಸ ಹಾಕ್ತಾರಲ್ಲ, ಅದಕ್ಕೂ ಸಕ್ಕರೆ ಕಾಯಿಲೆ ಬರುತ್ತಾ?’

ನೇರನುಡಿ_ತುಮಕೂರು
158. ತುಂಬಾ ಸಂತೋಷ ಆಯಿತು ತಾಯಿ.

ನೊಣದ_ಮನೆ
ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಬರುತ್ತದೆ! ನೊಣಕ್ಕೂ ಇನ್ಸುಲಿನ್ ಥರದ ಪ್ರೊಟೀನ್‌ಗಳಿವೆ, ಒಂದಲ್ಲ, ಎಂಟು. ನಮ್ಮ ಲಿವರ್ ಮತ್ತು ಕೊಬ್ಬು ಎರಡರ ಕೆಲಸವನ್ನೂ ಮಾಡುವ ಒಂದೇ ಅಂಗ ಅದಕ್ಕಿದೆ. ಮಾಮೂಲಿ ಊಟದಲ್ಲಿ ಏನೂ ಆಗುವುದಿಲ್ಲ. ಸಕ್ಕರೆ ಹಲವು ಪಟ್ಟು ಜಾಸ್ತಿ ಮಾಡಿದರೆ ಮರಿಹುಳು ಸೊರಗುತ್ತದೆ, ಬೆಳೆಯಲು ತಡವಾಗುತ್ತದೆ, ಮೈಯ ರಸದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ನಾಟುವುದಿಲ್ಲ.

ಇನ್ನೊಂದು ವಿಷಯ ಅಪ್ಪನಿಗೆ ಖಂಡಿತ ಹೇಳಿ. ನೊಣದ ಟ್ರಿಬಲ್ಸ್ ಕೂಡ ಎಕೆಟಿಯನ್ನು ಹಿಡಿದು ಬೆಳವಣಿಗೆ ತಗ್ಗಿಸುತ್ತದೆ ಅಂತ 2014ರಲ್ಲಿ ತೋರಿಸಿದ್ದಾರೆ. ಅಂದರೆ ಇಲಿಯ ಲಿವರಿನಲ್ಲಿ ಜಗಳಕ್ಕೆ ಬಿದ್ದ ಆ 2003ರ ಮಾತು ನೊಣದಲ್ಲಿ ನಿಂತಿದೆ. ನಮ್ಮ ಕಡೆ ಬಂದರೆ ಲ್ಯಾಬಿಗೆ ಕರೆದುಕೊಂಡು ಬನ್ನಿ, ಆ ನೆರಿಗೆ ಬೀಳುವುದನ್ನು ಅವರಿಗೂ ತೋರಿಸುತ್ತೇನೆ. ಅದಕ್ಕೆ ಬೆಳಿಗ್ಗೆ ಬೇಗ ಬರಬೇಕು, ಮೊಟ್ಟೆ ಇಟ್ಟು ಮೂರು ಗಂಟೆಗೆ ಸರಿಯಾಗಿ.

ಸುಮಾ_ದಾವಣಗೆರೆ
ಬೇಗ ಏಳುವುದು ಅವರಿಗೆ ಕಷ್ಟ ಇಲ್ಲ. ದಸರಾ ರಜೆಯಲ್ಲಿ ಬರಬಹುದಾ ಅಂತ ಕೇಳುತ್ತಿದ್ದಾರೆ.